ಮೇನೆಯಲ್ಲಿ ಹನ್ನೊಂದು ಮೆಟ್ಟಿಲು

ಹದಿನಾರನೇ ತಾರೀಖು, ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಮೂಟೆಯ ನಮಸ್ಕಾರ. ನಿನ್ನ ಕಾಗದ ಬಂದು ಐದು ವಾರವಾಯಿತು. ಹೊಲಿಗೆ ಪೆಟ್ಟಿಗೆಯ ಮುಚ್ಚಳದೊಳಗೆ ಸಿಕ್ಕಿಸಿಟ್ಟಿದ್ದೇನೆ. ದಾರ ತೆಗೆಯುವಾಗಲೆಲ್ಲ ಅದು ನಿನ್ನ ಹಾಗೇ ಹುಬ್ಬು ಗಂಟಿಕ್ಕಿಕೊಂಡು ನೋಡುತ್ತದೆ. "ಬದುಕಿದ್ದೀಯೇನೇ?" ಎಂದು ಕೇಳಿದ್ದೀಯ. ಬದುಕಿದ್ದೇನೆ, ಗಟ್ಟಿಯಾಗಿಯೇ ಇದ್ದೇನೆ. ಕೆಲಸ ತಲೆಯ ಮೇಲೆ ಬಿದ್ದಿತ್ತು ಎಂದು ಹೇಳಿದರೆ ಅರ್ಧ ನಿಜ. ಉಳಿದರ್ಧ ಏನೆಂದರೆ, ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆಯುವಷ್ಟರಲ್ಲಿ ಒಲೆಯ ಮೇಲೆ ಏನೋ ಇಟ್ಟು ಮರೆತವಳಂತೆ ಎದ್ದು ಹೋಗುತ್ತಿದ್ದೆ. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಫೋನ್ ಮಾಡೋಣವೆಂದರೆ ನೀನು ಮಾತಾಡಲು ಎಲ್ಲಿ ಬಿಡುತ್ತೀಯ? "ಊಟ ಆಯ್ತಾ, ಕಾಲು ನೋವು ಹೇಗಿದೆ, ಸರಿ ಇಡ್ಲಾ" ಎಂದು ಮೂರೇ ಮಾತಿಗೆ ಮಂಗಳ ಹಾಡುತ್ತೀಯ. ಅದಕ್ಕೇ ಇವತ್ತು ಬಾಗಿಲು ಹಾಕಿಕೊಂಡು, ಮುಗಿಯುವವರೆಗೆ ಏಳುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೇನೆ.

ಮೊದಲು ಕೂಸಿನ ವಿಷಯ. ಫೋಟೋ ಸಿಕ್ಕಿತು. ಮೂಗು ಭಾವನದು, ಪಾಪ, ಏನು ಮಾಡಲಾಗುತ್ತದೆ, ಬೆಳೆಯುತ್ತಾ ಸರಿಹೋಗಬಹುದು. ಹಣೆ ಮಾತ್ರ ನಿನ್ನದೇ. ಮ್ಯೂಸಿಯಮ್ಮಿನ ಕೆಲಸದ ಮನೆಯಲ್ಲಿ ಎಲ್ಲರಿಗೂ ತೋರಿಸಿ, "ನಮ್ಮಕ್ಕ ಅಜ್ಜಿಯಾದಳು" ಎಂದು ನಾನೇ ಹೆತ್ತಷ್ಟು ಜಂಭದಿಂದ ಹೇಳಿಕೊಂಡೆ.

ಆಮೇಲೆ ಒಂದು ದಿನ ನಿನ್ನ ಮಗಳು ಫೋನ್ ಮಾಡಿದಳು. ಅವಳನ್ನು ಬೈಯಬೇಡ, ನಿನ್ನ ಮೇಲಿನ ಕಾಳಜಿಗೆ ಮಾಡಿದ್ದು. "ಚಿಕ್ಕಮ್ಮ, ಅಮ್ಮ ಮಗೂನ ಎತ್ಕೊಳ್ಳೋದೇ ಇಲ್ಲ. ಬಟ್ಟೆ ಒಗೀತಾಳೆ, ಹಾಲು ಕಾಯಿಸ್ತಾಳೆ, ತೊಟ್ಟಿಲು ತೂಗ್ತಾಳೆ. ಎತ್ಕೋ ಅಂದ್ರೆ ಮಾತ್ರ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೋತಾಳೆ. ಮೊನ್ನೆ ನಾನು ಸ್ನಾನಕ್ಕೆ ಹೋಗಿದ್ದಾಗ ಮಗು ಕಿರುಚಾಡ್ತಿತ್ತು. ಬಂದು ನೋಡಿದ್ರೆ ಅಮ್ಮ ತೊಟ್ಟಿಲ ಪಕ್ಕ ನಿಂತು ತಾನೂ ಅಳ್ತಿದ್ಲು. ಯಾಕಮ್ಮ ಅಂದ್ರೆ, ನನ್ನದು ಎತ್ಕೊಂಡದ್ದನ್ನ ಬೀಳಿಸೋ ಕೈ ಕಣೇ ಅಂದ್ಲು. ನನ್ನನ್ನೂ ಚಿಕ್ಕವಳಿದ್ದಾಗ ಎತ್ಕೊಂಡು ಮೆಟ್ಟಿಲು ಹತ್ತಿಲ್ವಂತೆ, ಅಜ್ಜಿನೇ ಎತ್ಕೋತಿದ್ರಂತೆ. ಏನಿದು ಚಿಕ್ಕಮ್ಮ?" "ವಯಸ್ಸಾಯ್ತಲ್ಲ ಪುಟ್ಟಾ, ಭಯ ಇರುತ್ತೆ" ಎಂದು ಹಾರಿಕೆಯ ಮಾತಾಡಿ ಫೋನ್ ಇಟ್ಟೆ. ಆಮೇಲೆ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಆ ಮಾತು ನಿನ್ನದಲ್ಲ ಅಕ್ಕ, ಅಪ್ಪನದು. ನಲವತ್ತಾರು ವರ್ಷ ಹಿಂದೆ, ಮೂರನೇ ಮಹಡಿಯ ನಮ್ಮ ಮನೆಗೆ ಹತ್ತುವ ಎರಡನೇ ತಿರುವಿನಲ್ಲಿ ನಾನು ನಿನ್ನ ಬೆನ್ನಿನಿಂದ ಬಿದ್ದು, ಪೋಲಿಯೊ ಆದ ಮೇಲೆ ಉಳಿದಿದ್ದ ಒಂದು ಒಳ್ಳೆಯ ಕಾಲನ್ನೂ ಮುರಿದುಕೊಂಡೆನಲ್ಲ, ಅವತ್ತು ಆಡಿದ ಮಾತು. ನಿನಗೆ ಹದಿನೇಳು, ನನಗೆ ಹನ್ನೊಂದು. ನೀನು ನರ್ಸಿಂಗ್ ಶಾಲೆಗೆ ಹೊರಡಲು ಹದಿಮೂರು ದಿನವಿತ್ತು. "ಎತ್ಕೊಂಡದ್ದನ್ನ ಬೀಳಿಸೋ ಕೈಗೆ ರೋಗಿಗಳನ್ನ ಯಾರು ಒಪ್ಪಿಸ್ತಾರೆ?" ಎಂದರು ಅಪ್ಪ. ಸಿಟ್ಟು ಇಳಿದ ಮೇಲೆ ಅವರಿಗೇ ಆ ಮಾತು ನೆನಪಿರಲಿಲ್ಲ. ನೀನು ಮಾತ್ರ ಅದನ್ನು ಗಂಟು ಹಾಕಿ ಇಟ್ಟುಕೊಂಡೆ. ಆ ವರ್ಷ ಹೋಗಲಿಲ್ಲ, ಮುಂದಿನ ವರ್ಷ ಅವರೇ ಹೋಗು ಎಂದರೂ ಹೋಗಲಿಲ್ಲ. ಈಗ ಎರಡು ತಿಂಗಳ ಕೂಸಿನ ಮುಂದೆಯೂ ಅದೇ ಗಂಟು ಬಿಚ್ಚುತ್ತಿದ್ದೀಯ.

ಇದನ್ನು ಇಷ್ಟಕ್ಕೇ ಬಿಡುವುದಿಲ್ಲ. ಆದರೆ ಮೊದಲು ನನ್ನ ಮೇನೆ ಸವಾರಿಯ ಕಥೆ ಕೇಳು. ನಗಬೇಡ, ನಿಜವಾಗಿಯೂ ಮೇನೆಯಲ್ಲಿ ಕೂತು ಬಂದೆ.

ನಮ್ಮ ಮ್ಯೂಸಿಯಮ್ಮಿನ ವಾಹನಗಳ ಕೋಣೆಯ ಮೂಲೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ನಿಂತಿರುತ್ತಿತ್ತು. ನೀನು ಬಂದಾಗ, "ಇದೇನೇ, ಬೀರುಗೆ ಕಿಟಕಿ ಇಟ್ಟಿದ್ದಾರೆ?" ಎಂದು ಕೇಳಿದ್ದೆಯಲ್ಲ, ಅದೇ. ಪುಸ್ತಕದಲ್ಲಿ ಅದರ ಹೆಸರು ಸೆಡಾನ್ ಚೇರು, ನಾವು ಕೆಲಸದ ಮನೆಯವರು ಮೇನೆ ಎನ್ನುತ್ತೇವೆ. ಪಲ್ಲಕ್ಕಿಯಾದರೆ ಕಾಲು ಚಾಚಿ ಒರಗಬಹುದು. ಇದರಲ್ಲಿ ಬೆನ್ನು ನೆಟ್ಟಗೆ ಇಟ್ಟು ಒಬ್ಬರು ಕೂರಬೇಕು. ಎರಡು ಪಕ್ಕಕ್ಕೂ ಕಬ್ಬಿಣದ ಬಳೆಗಳಿವೆ, ಅವುಗಳೊಳಗೆ ಉದ್ದನೆಯ ಎರಡು ಮರದ ಕೋಲು ತೂರಿಸಿ, ಮುಂದೆ ಒಬ್ಬ ಹಿಂದೆ ಒಬ್ಬ ಹೊರುತ್ತಾರೆ. ಭಾರವೆಲ್ಲ ಹೆಗಲ ಮೇಲಿನ ತೊಗಲಿನ ಪಟ್ಟಿಗೆ, ಕೈ ಬರೀ ಅಲ್ಲಾಡದ ಹಾಗೆ ಹಿಡಿಯುವುದಕ್ಕೆ. ಬಾಗಿಲು ಎದುರಿಗೆ, ಕೋಲುಗಳ ನಡುವೆ. ಮಾಡಿಗೆ, ಅಂದರೆ ಮೇಲಿನ ಚಾವಣಿಗೆ, ಕೀಲು ಇದೆ, ಪೆಟ್ಟಿಗೆಯ ಮುಚ್ಚಳದ ಹಾಗೆ ಮೇಲಕ್ಕೇಳುತ್ತದೆ. ಯಾಕೆ ಗೊತ್ತಾ? ಒಂದು ಕಾಲದಲ್ಲಿ ಯೂರೋಪಿನ ದೊಡ್ಡ ಮನೆಯ ಹೆಂಗಸರು ಮೊಳದೆತ್ತರ ಕೂದಲು ಕಟ್ಟಿಕೊಳ್ಳುತ್ತಿದ್ದರಂತೆ. ಮಾಡು ತೆಗೆಯದಿದ್ದರೆ ಅವರ ತಲೆ ಒಳಗೆ ಹೋಗುತ್ತಿರಲಿಲ್ಲ. ಇಡೀ ದಿನ ಕೂದಲು ಕಟ್ಟಿಸಿಕೊಂಡು ಆಮೇಲೆ ಅದಕ್ಕೋಸ್ಕರ ಮಾಡನ್ನೇ ಬಿಚ್ಚಿಸಿದ ಅವರ ಹಟಕ್ಕೆ ನಾನು ಶರಣು.

ಈ ಕೋಣೆಯನ್ನು ಹೊಸದಾಗಿ ತೆರೆಯುವುದೆಂದು ನಿರ್ಧಾರವಾಯಿತು. ನಮ್ಮ ಮೇಲಿನ ಮೇಡಂ ನಾಲ್ಕು ತಿಂಗಳು ಮೇನೆಯ ಚರಿತ್ರೆಯನ್ನೇ ಉಂಡು ಮಲಗಿದರು. ಗಾಡಿ ಹೋಗದ ಇಕ್ಕಟ್ಟಿನ ಬೀದಿಗಳಲ್ಲಿ, ಏರುಗಲ್ಲಿಗಳಲ್ಲಿ ಇದೇ ಬಾಡಿಗೆ ವಾಹನವಂತೆ. ಬೀದಿಯ ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿಕೊಂಡಿರುತ್ತಿದ್ದರಂತೆ, ಪ್ರತಿಯೊಂದಕ್ಕೂ ನಂಬರು. ಮಳೆ ಬಂದರೆ ಎಲ್ಲರಿಗೂ ಒಟ್ಟಿಗೇ ಬೇಕು, ಆಗ ಹೊರುವವರ ಗತ್ತು ನೋಡಬೇಕಿತ್ತಂತೆ. ಬಾಗಿಲವರೆಗೆ ಮಾತ್ರವಲ್ಲ, ಮನೆಯೊಳಗೆ, ಮೆಟ್ಟಿಲು ಹತ್ತಿ, ಮಲಗುವ ಕೋಣೆಯವರೆಗೂ ಬರುತ್ತಿತ್ತು. ರಸ್ತೆ ಅಗಲವಾಗಿ ಕುದುರೆ ಗಾಡಿ ಹೆಚ್ಚಾದ ಮೇಲೆ ಇವುಗಳನ್ನು ಕೇಳುವವರಿಲ್ಲವಾದರು. ಚೆಂದದವು ಶ್ರೀಮಂತರ ಮನೆಯ ಗಾಜಿನ ಬೀರು ಆದವು, ಆಮೇಲೆ ಒಂದೆರಡು ಟೆಲಿಫೋನ್ ಗೂಡೂ ಆದವಂತೆ. ನಮ್ಮದು ಮೂವತ್ತೇಳನೇ ನಂಬರು, ಚೆಂದದ್ದಲ್ಲ, ಒಂದು ಹೂವಿನ ಚಿತ್ರವೂ ಇಲ್ಲ. ಅದು ಆಸ್ಪತ್ರೆಯದು. ನಡೆಯಲಾಗದ ರೋಗಿಗಳನ್ನು ಹಾಸಿಗೆಯಿಂದ ಹೊತ್ತು ತರುವುದಕ್ಕೆ ಇಟ್ಟಿದ್ದರು.

ಮೇಡಂ ಇದನ್ನು ಹೇಳಿದ ದಿನ ನಾನು ಅದರ ಸೀಟಿನ ಗಾದಿ ಬಿಚ್ಚುತ್ತಿದ್ದೆ. ಒಳಗೆಲ್ಲ ಕುದುರೆ ಕೂದಲು, ಅದರ ಕೆಳಗೆ ಗೋಣಿ. ಎಡಗಡೆ ಮಾತ್ರ ಹೆಚ್ಚು ತಗ್ಗಾಗಿತ್ತು. ಕೂತವರು ಒಂದೇ ಪಕ್ಕಕ್ಕೆ ಭಾರ ಹಾಕಿ ಹಾಕಿ ಆದ ತಗ್ಗು. ನನ್ನಂಥವರು ಎಷ್ಟು ಜನ ಕೂತಿದ್ದರೋ. ಯಾಕೋ ಕೆಲಸ ಮುಂದೆ ಸಾಗದೆ ಆ ತಗ್ಗಿನ ಮೇಲೆ ಕೈಯಿಟ್ಟುಕೊಂಡು ಕೂತೆ. ನಿನ್ನ ಬೆನ್ನಿಗೂ ಎಡಗಡೆಯೇ ನೋವು, ಅಲ್ಲವಾ?

ಹಳೆಯದನ್ನು ಮತ್ತೆ ಹೊರುವ ಹಾಗಿಲ್ಲ. ಹಾಗಾಗಿ ನಮ್ಮ ಬಡಗಿಯವರು ಅದೇ ಅಳತೆಗೆ, ಅದೇ ಬಗೆಯ ಮರದಲ್ಲಿ ಅದಕ್ಕೊಂದು ತಂಗಿಯನ್ನು ಮಾಡಿದರು. ಎರಡಕ್ಕೂ ಗಾದಿ, ಕಿಟಕಿಯ ಪರದೆ ಎಲ್ಲ ನನ್ನ ಕೈಯದೇ. ಕೋಣೆ ತೆರೆಯುವ ದಿನ ಹೊಸ ಮೇನೆಯಲ್ಲಿ ಒಬ್ಬರನ್ನು ಕೂರಿಸಿ, ಗೇಟಿನಿಂದ ಹೊತ್ತು ತಂದು, ಮುಂದಿನ ಹನ್ನೊಂದು ಮೆಟ್ಟಿಲು ಹತ್ತಿಸಿ ಜನಕ್ಕೆ ತೋರಿಸಬೇಕು ಎಂದರು ಮೇಡಂ. ಹೊರುವವರು ಯಾರು? ಮುಂದೆ ನಮ್ಮ ಕಾವಲಿನವರು, ಹಿಂದೆ ನಮ್ಮ ಲಿಫ್ಟಿನವರು. ಲಿಫ್ಟಿನವರು ಮೀಸೆ ತೀಡಿಕೊಂಡು, "ಇಪ್ಪತ್ತು ವರ್ಷದಿಂದ ಜನರನ್ನ ಎತ್ತೋದೇ ನನ್ನ ಕೆಲಸ ಮೇಡಂ, ಗುಂಡಿ ಒತ್ತೋದು ಬಿಟ್ಟು ಹೆಗಲು ಕೊಡಬೇಕು, ಅಷ್ಟೇ ತಾನೆ" ಎಂದರು.

ಇವರ ಅಭ್ಯಾಸ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕಾವಲಿನವರು ಮೊದಲು ಪೊಲೀಸ್ ಬ್ಯಾಂಡಿನಲ್ಲಿ ಡೋಲು ಹೊಡೆಯುತ್ತಿದ್ದವರು. ಅವರಿಗೆ ನಡೆಯುವುದೆಂದರೆ ಕವಾಯತು. "ಎಡ! ಬಲ! ಎಡ! ಬಲ!" ಎಂದು ಹೊರಟರು, ಹಿಂದಿನವರೂ ಶ್ರದ್ಧೆಯಿಂದ ಅದೇ ಕಾಲು ಹಾಕಿದರು. ಮೇನೆ ತೊಟ್ಟಿಲಿನ ಹಾಗೆ ತೂಗಲು ಶುರುವಾಯಿತು. ಒಳಗೆ ಇಟ್ಟಿದ್ದ ಮರಳಿನ ಚೀಲ ಎಡ ಗೋಡೆಗೆ ಒಮ್ಮೆ ಬಲ ಗೋಡೆಗೆ ಒಮ್ಮೆ ಧಡ್ ಎಂದು ಬಡಿಯಿತು. ಇವರು ಕಾಲು ಕೂಡುತ್ತಿಲ್ಲವೇನೋ ಎಂದು ಇನ್ನೂ ಜೋರಾಗಿ ಕೂಡಿಸಿದರು, ಅದು ಇನ್ನೂ ಜೋರಾಗಿ ತೂಗಿತು. ಕೊನೆಗೆ ಬಡಗಿಯವರು ಉಳಿ ಕೆಳಗಿಟ್ಟು ಎದ್ದು ಬಂದರು. ಅವರು ಹುಡುಗರಾಗಿದ್ದಾಗ ಎರಡು ವರ್ಷ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಹೊತ್ತವರು, ನಮಗೆ ಗೊತ್ತೇ ಇರಲಿಲ್ಲ. "ಅಯ್ಯೋ ಮಹಾರಾಯರೇ, ಕಾಲು ಕೂಡಬಾರದು. ಮುಂದಿನೋರು ಎಡಗಾಲು ಎತ್ತಿದ್ರೆ ಹಿಂದಿನೋರು ಬಲಗಾಲು ಎತ್ತಬೇಕು. ಹೆಜ್ಜೆ ಚಿಕ್ಕದಿರಲಿ, ನೆಲ ಬಿಡಬೇಡಿ" ಎಂದರು. ಕಾವಲಿನವರ ಮುಖ ನೋಡಬೇಕಿತ್ತು. ಮೂವತ್ತು ವರ್ಷ ಕಾಲು ಕೂಡಿಸಿಯೇ ಅನ್ನ ತಿಂದವರಿಗೆ ಈಗ ಕೂಡಿಸಬೇಡಿ ಎಂದರೆ ಹೇಗಾಗಬೇಡ? ಪಾಪ, ಎರಡು ವಾರ ಊಟದ ಬಿಡುವಿನಲ್ಲೂ ವರಾಂಡದಲ್ಲಿ ತಪ್ಪು ಕಾಲು ಹಾಕುವುದನ್ನು ಕಲಿತರು.

ಇನ್ನು ಒಳಗೆ ಕೂರುವವರು ಯಾರು? ನಲವತ್ತೈದು ಕಿಲೋ ಮೀರಬಾರದು ಎಂದರು ಬಡಗಿಯವರು. ಮೇಡಂ ತಮ್ಮನ್ನು ತಾವೊಮ್ಮೆ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಎಲ್ಲರ ಕಣ್ಣೂ ಮೆಲ್ಲಗೆ ನನ್ನ ಕಡೆ ತಿರುಗಿತು. ನಾನು ನಲವತ್ತೊಂದು. "ಸಾಧ್ಯವೇ ಇಲ್ಲ. ಹದಿನಾಲ್ಕನೇ ವರ್ಷಕ್ಕೆ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಕೊಂಡು ನಡೆಯೋಕೆ ಶುರು ಮಾಡಿದಾಗಿಂದ ನನ್ನನ್ನ ಯಾರೂ ಎತ್ತಿಲ್ಲ, ಎತ್ತಿಸ್ಕೊಳ್ಳೋದೂ ಇಲ್ಲ" ಎಂದೆ. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಮೂಗಿನ ಮೇಲೆಯೇ ಇರುತ್ತದೆ. ಮೇಡಂ ಒತ್ತಾಯ ಮಾಡಲಿಲ್ಲ. ಆದರೆ ಬಡಗಿಯವರು ಪಕ್ಕದಲ್ಲಿ ಬಂದು ಕೂತು, "ನಡೆಯೋಕೆ ಆಗದೋರಿಗೇ ಅಂತ ಮಾಡಿದ ಕುರ್ಚಿ ಕಣಮ್ಮ. ಓಡಾಡೋರನ್ನ ಕೂರಿಸಿದ್ರೆ ನಾಟಕ ಆಗುತ್ತೆ" ಎಂದರು. ಆ ಮನುಷ್ಯ ತಿಂಗಳಿಗೊಂದು ಮಾತಾಡುತ್ತಾರೆ, ಆಡಿದರೆ ಹೀಗೆ. ಮಾರನೆಯ ದಿನ ಒಪ್ಪಿದೆ. ಒಂದು ಷರತ್ತು ಹಾಕಿದೆ. ಮೇನೆಯೊಳಗೆ ರೋಗಿಯನ್ನು ಬಿಗಿಯಲು ಎರಡು ಪಟ್ಟಿಗಳಿವೆ, ಅವುಗಳನ್ನು ನನಗೆ ಕಟ್ಟಕೂಡದು. "ಹಾಗಾದ್ರೆ ಅಲ್ಲಾಡಬಾರದು. ಮರಳಿನ ಚೀಲ ಇದ್ದ ಹಾಗೆ ಇರಬೇಕು" ಎಂದರು ಬಡಗಿಯವರು. ಮೂಟೆಗೆ ಅದನ್ನು ಹೇಳಿಕೊಡಬೇಕಾ?

ಹೋದ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮೆರವಣಿಗೆ ಹೊರಟಿತು. ಊರುಗೋಲನ್ನು ಮೇಡಂ ಕೈಗೆ ಕೊಟ್ಟು ಒಳಗೆ ಕೂತೆ. ಮಾಡು ಮುಚ್ಚಿದರು, ಬಾಗಿಲ ಚಿಲಕ ಹಾಕಿದರು. ಹೊರುವವರು ತಮ್ಮ ಹೆಗಲ ಪಟ್ಟಿ ಬಿಗಿದ ಸದ್ದು ಕೇಳಿತು, ಆಮೇಲೆ ನೆಲ ನನ್ನನ್ನು ಬಿಟ್ಟಿತು. ಅಕ್ಕ, ಏನು ಹೇಳಲಿ, ನಲವತ್ತಮೂರು ವರ್ಷದ ಮೇಲೆ ನನ್ನ ಕಾಲಿಗೆ ಮಾಡಲು ಏನೂ ಕೆಲಸವಿಲ್ಲದೆ ನಾನು ಮುಂದಕ್ಕೆ ಹೋದೆ. ಎರಡೂ ಕಡೆ ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಕೇಳಿಸುತ್ತಿದ್ದದ್ದು ಮಾತ್ರ ಹಿಂದಿನಿಂದ ಬರುತ್ತಿದ್ದ ಉಸಿರು. ಗೋಡೆಯ ಆಚೆ ಗೇಣು ದೂರದಲ್ಲಿ ಒಬ್ಬ ಮನುಷ್ಯ ನನಗಾಗಿ ಏದುಸಿರು ಬಿಡುತ್ತಿದ್ದಾನೆ, ನಾನು ನೆಟ್ಟಗೆ ಕೂತಿದ್ದೇನೆ.

ನಿನ್ನ ಕತ್ತಿನ ಹಿಂದೆ ಕಿವಿಯಿಟ್ಟುಕೊಂಡು ನಾನು ಇದನ್ನು ಎಂಟು ವರ್ಷ ಕೇಳಿದ್ದೇನೆ. ಐವತ್ತೆರಡು ಮೆಟ್ಟಿಲು. ನಿನಗೆ ಹನ್ನೆರಡು ವರ್ಷ ತುಂಬಿದಾಗಿನಿಂದ ಇಪ್ಪತ್ತರವರೆಗೆ, ಬೆಳಿಗ್ಗೆ ಇಳಿಸಿ ಸಂಜೆ ಹತ್ತಿಸಿದೆ. ಎದೆಯ ಮೇಲೆ ಎರಡು ಪಾಟಿಚೀಲ, ಬೆನ್ನ ಮೇಲೆ ಮೂಟೆಯಾಗಿ ನಾನು, ಬಾಯಲ್ಲಿ ಎಣಿಕೆ. ನಾನು ಬಿದ್ದ ಮೇಲೆ ಮಾತ್ರ ಅಮ್ಮ ಹಿಂದಿನಿಂದ ಕೈ ಕೊಡದೆ ಒಂದು ಮೆಟ್ಟಿಲೂ ಹತ್ತುತ್ತಿರಲಿಲ್ಲ. ನನಗೆ ಎಣಿಕೆ ಕಲಿಸುವುದಕ್ಕೆ ಎಣಿಸುತ್ತಿದ್ದೆ ಎಂದೇ ನಾನು ನಂಬಿದ್ದೆ. ಮೊನ್ನೆ ಮೇನೆಯೊಳಗೆ ಕೂತಾಗ ಗೊತ್ತಾಯಿತು, ಇನ್ನೆಷ್ಟು ಉಳಿದಿದೆ ಎಂದು ನಿನಗೆ ನೀನೇ ಧೈರ್ಯ ಹೇಳಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮೆಟ್ಟಿಲು ಬಂತು. ಹತ್ತುವಾಗ ಮುಂದಿನವರು ಕೋಲು ತಗ್ಗಿಸಬೇಕು, ಹಿಂದಿನವರು ಹೆಗಲೆತ್ತರಕ್ಕೆ ಎತ್ತಬೇಕು, ಆಗಲೇ ಕೂತವರು ಸಮವಾಗಿರುತ್ತಾರೆ. ಭಾರ ಬಹುಪಾಲು ಹಿಂದಿನವರಿಗೆ. ಆರು ಮೆಟ್ಟಿಲು ಚೆನ್ನಾಗಿಯೇ ಆಯಿತು. ಏಳನೆಯದಕ್ಕೆ ನನ್ನ ಕಣ್ಣು ಎಡಗಡೆಯ ಕಿಟಕಿಯ ಪರದೆಯ ಮೇಲೆ ಬಿತ್ತು. ಕೆಳಗಿನ ಅಂಚಿನಲ್ಲಿ ಒಂದು ಹೊಲಿಗೆ ಬಿಟ್ಟುಹೋಗಿ ಗೇಣುದ್ದ ದಾರ ನೇತಾಡುತ್ತಿತ್ತು! ಹೊರಗೆ ಇನ್ನೂರು ಜನ, ಅದರಲ್ಲಿ ನಾಲ್ವರು ಕ್ಯಾಮೆರಾ ಹಿಡಿದವರು. ನನ್ನ ಮಾನ ಹೋಯಿತು ಎಂದುಕೊಂಡು, ಮರಳಿನ ಚೀಲವನ್ನೂ ಮರೆತು, ಅದನ್ನು ಒಳಗೆ ಸಿಕ್ಕಿಸಲು ಸರಕ್ಕನೆ ಎಡಕ್ಕೆ ಬಗ್ಗಿದೆ. ಮೇನೆ ನನ್ನ ಜೊತೆಗೇ ವಾಲಿತು. ಹಿಂದೆ ಲಿಫ್ಟಿನವರ ಮಂಡಿ ಕಲ್ಲಿಗೆ ಬಡಿದ ಸದ್ದು ಕೇಳಿಸಿತು. ಆದರೆ ಅವರು ಬಿಡಲಿಲ್ಲ. ಒಂದು ಮಂಡಿಯ ಮೇಲೆ ಕೂತು, ಹೆಗಲಲ್ಲಿ ಹಿಡಿದು, ಬಡಗಿಯವರು ಓಡಿಬಂದು ಕೈ ಕೊಟ್ಟ ಮೇಲೆ ಎದ್ದು, ಉಳಿದ ನಾಲ್ಕು ಮೆಟ್ಟಿಲನ್ನೂ ಹತ್ತಿಸಿದರು. ಜನ ಅದನ್ನೂ ಪ್ರದರ್ಶನದ ಭಾಗ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಆಮೇಲೆ ನಡೆದದ್ದನ್ನೇ ನಿನಗೆ ಹೇಳಬೇಕಾಗಿರುವುದು. ಲಿಫ್ಟಿನವರ ಮುಖ ಸುಣ್ಣವಾಗಿತ್ತು. ಮಂಡಿಗೆ ಬಟ್ಟೆ ಕಟ್ಟಿಕೊಂಡು ನನ್ನ ಹತ್ತಿರ ಬಂದು, "ತಪ್ಪಾಯ್ತಮ್ಮ, ಕೈ ಜಾರ್ತು" ಎಂದರು. ನಾನು ಪರವಾಗಿಲ್ಲ ಎಂದೆ. ಊಟದ ಹೊತ್ತಿಗೆ ಮತ್ತೆ ಬಂದರು. "ಎಷ್ಟು ಅಭ್ಯಾಸ ಮಾಡಿದ್ದೆ, ನನ್ನ ಕೈಗೆ ಏನಾಯ್ತೋ ಗೊತ್ತಾಗ್ತಿಲ್ಲ." ನಾನು ಆಗಲೂ ಪರವಾಗಿಲ್ಲ ಎಂದೆ. ಸಂಜೆ ಕೆಲಸದ ಮನೆಯ ಬಾಗಿಲಲ್ಲಿ ನಿಂತು ತಮ್ಮ ಎರಡು ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ, "ಇನ್ನು ನಾನು ಹೊರೋದು ಬೇಡಮ್ಮ, ಬೇರೆಯವರನ್ನ ನೋಡ್ಕೊಳ್ಳಿ ಅಂತ ಮೇಡಂಗೆ ಹೇಳ್ಬಿಟ್ಟೆ" ಎಂದರು. ಆ ಕೈ ನೋಡಿಕೊಳ್ಳುವುದನ್ನು ನಾನು ಮೊದಲು ಎಲ್ಲಿ ನೋಡಿದ್ದೆ ಎಂದು ನಿನಗೆ ಹೇಳಬೇಕಾಗಿಲ್ಲ. ನನ್ನಿಂದ ಇನ್ನು ತಡೆಯಲಾಗಲಿಲ್ಲ. "ನಿಮ್ಮ ಕೈ ಜಾರಲಿಲ್ಲ. ನಾನು ವಾಲಿದೆ. ಪರದೆ ದಾರ ಸಿಕ್ಕಿಸೋಕೆ ಹೋದೆ. ತಪ್ಪು ನಂದು" ಎಂದೆ. ಅವರು, "ಹೌದಾ? ಅಯ್ಯೋ, ಅಷ್ಟೇನಾ!" ಎಂದು ಗೋಡೆಗೆ ಒರಗಿ ನಗಲು ಶುರು ಮಾಡಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಬಡಗಿಯವರು ತಲೆಯೆತ್ತದೆ, "ಹೊತ್ತೋರಿಗೆ ಯಾವಾಗ್ಲೂ ತಮ್ಮ ಕೈ ಮೇಲೇ ಅನುಮಾನ. ಕೂತೋರು ಬಾಯಿಬಿಟ್ಟು ಹೇಳಬೇಕು" ಎಂದರು. ಆ ತಿಂಗಳ ಅವರ ಎರಡನೇ ಮಾತು ಅದು. ಲಿಫ್ಟಿನವರು ಮುಂದಿನ ಶನಿವಾರ ಮತ್ತೆ ಹೊರುತ್ತಾರೆ. ನನಗೆ ಈ ಸಲ ಪಟ್ಟಿ ಕಟ್ಟುತ್ತಾರಂತೆ, ಕಟ್ಟಲಿ.

ಅಕ್ಕ, ನಾನು ನಿನಗೆ ಯಾವತ್ತೂ ಥ್ಯಾಂಕ್ಸ್ ಹೇಳಿಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಹೊರಗಿನವರಿಗೆ ಮಾತ್ರ ಹೇಳುತ್ತಿದ್ದೆವು. ಈಗ ಹೇಳುತ್ತೇನೆ, ಸುಮ್ಮನೆ ಕೇಳಿಸಿಕೋ. ಐವತ್ತೆರಡು ಮೆಟ್ಟಿಲಿಗೆ. ಸ್ಕೂಲಿನಲ್ಲಿ ನನ್ನನ್ನು ಕುಂಟಿ ಎಂದವಳ ಜಡೆ ಹಿಡಿದು ಎಳೆದದ್ದಕ್ಕೆ, ಎಳೆದು ಹೆಡ್ ಮಿಸ್ ಹತ್ತಿರ ಬೈಸಿಕೊಂಡು ಬಂದು ನನಗೆ ಹೇಳದಿದ್ದದ್ದಕ್ಕೆ. ಕಾಲು ಮುರಿದು ಮೂರು ತಿಂಗಳು ಮಲಗಿದ್ದಾಗ ಟೈಲರ್ ಅಂಗಡಿಯಿಂದ ಚಿಂದಿ ಬಟ್ಟೆ ಬೇಡಿ ತಂದು, ಹಾಸಿಗೆಯ ಪಕ್ಕ ಕೂತು ನನಗೆ ಹೊಲಿಗೆ ಕಲಿಸಿದ್ದಕ್ಕೆ. ಮೊದಲು ನೇರ ಹೊಲಿಗೆ, ಆಮೇಲೆ ಅಂಚಿನ ಮಡಿಕೆ, ಆಮೇಲೆ ಕಾಣದ ಹೊಲಿಗೆ. ಇವತ್ತಿಗೂ ನಾನು ಅನ್ನ ತಿನ್ನುತ್ತಿರುವುದು ಆ ಮೂರು ತಿಂಗಳಿಂದ. ನಾನು ಯಾರ ಹಂಗೂ ಇಲ್ಲದೆ ಬದುಕಿದೆ ಎಂದು ಊರೆಲ್ಲ ಹೇಳಿಕೊಂಡು ಓಡಾಡುತ್ತೇನೆ. ನಿನ್ನ ಹಂಗಿನಲ್ಲೇ ಬದುಕಿದ್ದೇನೆ, ಸಂತೋಷವಾಗಿ ಬದುಕಿದ್ದೇನೆ.

ಕಾಗದದ ಜೊತೆ ಕೂಸಿಗೆ ಒಂದು ಸಣ್ಣ ಗಾದಿ ಕಳಿಸುತ್ತಿದ್ದೇನೆ. ಮೆತ್ತನೆಯ ಹಳೆ ಬಟ್ಟೆಯದು, ಒಂದು ಗಂಟೂ ಇಲ್ಲ, ತಡವಿ ನೋಡು. ಅವಳು ನೂರು ವರ್ಷ ಬಾಳಲಿ, ಗಟ್ಟಿ ಕಾಲಿನವಳಾಗಲಿ, ಹಟಮಾರಿಯಾಗಲಿ, ಮೂಗೊಂದು ಬಿಟ್ಟು ಮಿಕ್ಕಿದ್ದೆಲ್ಲ ನಿನ್ನ ಹಾಗಾಗಲಿ. ಭಾವನಿಗೆ ನಮಸ್ಕಾರ, ಮೂಗಿನ ಮಾತು ಹೇಳಬೇಡ. ನಿನ್ನ ಮಗಳಿಗೆ ಮುತ್ತು. ನಿನ್ನ ಕಾಲಿಗೆ ಬಿದ್ದು ನಮಸ್ಕಾರ, ಬಗ್ಗಲು ಬರುವುದಿಲ್ಲ, ಅದಕ್ಕೇ ಕಾಗದದಲ್ಲಿ.

ನಿನ್ನ
ಮೂಟೆ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಲು ಎದ್ದವಳು ಮತ್ತೆ ಬಂದು ಕೂತಿದ್ದೇನೆ. ಐದು ವಾರ ಎದ್ದೆದ್ದು ಹೋದದ್ದು ಮುಂದಿನ ಸಾಲಿಗೆ ಹೆದರಿ.

ಅವತ್ತು ನೀನು ನನ್ನನ್ನು ಬೀಳಿಸಲಿಲ್ಲ ಅಕ್ಕ. ನಾನೇ ಕೈ ಬಿಟ್ಟೆ.

ಹಿಂದಿನ ದಿನ ನೀನು ಮಂಚದ ಕೆಳಗಿನ ಟ್ರಂಕು ಎಳೆದು ಬಟ್ಟೆ ಜೋಡಿಸುತ್ತಿದ್ದೆ. ಏನೋ ಗುನುಗುತ್ತಿದ್ದೆ. ನನ್ನನ್ನು ಬಿಟ್ಟು ಹೋಗಲು ಇವಳಿಗೆ ಇಷ್ಟು ಖುಷಿಯೇ ಎಂದು ನನಗೆ ಹೊಟ್ಟೆ ಉರಿಯಿತು. ಮಾರನೆಯ ದಿನ ಸಂಜೆ ಹತ್ತುವಾಗ, ಎರಡನೇ ತಿರುವಿನಲ್ಲಿ, ನಿನ್ನ ಕುತ್ತಿಗೆ ಸುತ್ತಿದ್ದ ಎರಡೂ ಕೈ ಬಿಟ್ಟು ಬೇಕೆಂದೇ ಹಿಂದಕ್ಕೆ ವಾಲಿದೆ. ಬೀಳಬೇಕೆಂದಲ್ಲ. ನೀನು ಹೆದರಬೇಕು, ಇವಳನ್ನು ಬಿಟ್ಟು ಹೇಗೆ ಹೋಗಲಿ ಎಂದು ನಿನಗೆ ಅನ್ನಿಸಬೇಕು, ಅಷ್ಟೇ. ಅಪ್ಪ ಆ ಮಾತು ಹೇಳಿದಾಗ ನಾನು ಹಾಸಿಗೆಯ ಮೇಲೆ ಎಚ್ಚರವಾಗಿಯೇ ಇದ್ದೆ. ಕಣ್ಣು ಮುಚ್ಚಿಕೊಂಡೆ. ನೀನು ಹೋಗುವುದಿಲ್ಲ ಎಂದು ಗೊತ್ತಾದ ದಿನ ನನಗೆ ಸಂತೋಷವಾಯಿತು. ಇದನ್ನೂ ಬರೆಯದಿದ್ದರೆ ಬರೆದದ್ದು ಸುಳ್ಳಾಗುತ್ತದೆ. ಹನ್ನೊಂದು ವರ್ಷದ ಹುಡುಗಿಯ ಬುದ್ಧಿ ಎನ್ನಬಹುದು. ಆದರೆ ಇಪ್ಪತ್ತಕ್ಕೆ ಹೇಳಬಹುದಿತ್ತು, ನಲವತ್ತಕ್ಕೆ ಹೇಳಬಹುದಿತ್ತು. ನೀನು ಇನ್ನು ನನ್ನನ್ನು ಪ್ರೀತಿಸುವುದಿಲ್ಲ ಎಂದು ಹೆದರಿ ಸುಮ್ಮನಿದ್ದೆ.

ಇದನ್ನು ನಿಧಾನವಾಗಿ ಓದು. ನಾನು ಹಿಂದಕ್ಕೆ ಬಿದ್ದಾಗ ನನ್ನ ಎರಡೂ ಮಂಡಿ ನಿನ್ನ ಕೈಯೊಳಗೇ ಇದ್ದವು. ಬಿಟ್ಟಿದ್ದರೆ ನೀನು ನಿಂತಲ್ಲೇ ನಿಲ್ಲುತ್ತಿದ್ದೆ. ನೀನು ಬಿಡಲಿಲ್ಲ, ನನ್ನ ಜೊತೆಗೇ ಉರುಳಿ ಬಂದೆ, ಗಲ್ಲ ಒಡೆದುಕೊಂಡೆ. ಕೆಳಗೆ ಬಿದ್ದ ಮೇಲೂ ಹಿಡಿದುಕೊಂಡೇ ಇದ್ದೆ. ಅಮ್ಮ ಓಡಿಬಂದು ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ನಿನಗೆ ಅದು ನೆನಪಿಲ್ಲ, ನೀನು ಅಳುತ್ತಿದ್ದೆ. ನಾನು ನೋಡುತ್ತಿದ್ದೆ.

ಇದನ್ನು ಭಾವನಿಗೂ ನಿನ್ನ ಮಗಳಿಗೂ ಓದಿ ಹೇಳು. ಬೈಯಬೇಕಾದರೆ ಬರೆದು ಬೈಯಿ, ಇಲ್ಲ ಬಾ ಎನ್ನು, ಎದುರಿಗೆ ಬಂದು ನಿಲ್ಲುತ್ತೇನೆ. ಮಾತು ಬಿಡುತ್ತೀಯಾದರೆ ಅದನ್ನೂ ತಡೆದುಕೊಳ್ಳುತ್ತೇನೆ. ಆದರೆ ಅದೆಲ್ಲ ಆಮೇಲೆ. ಮೊದಲು ಒಳಗೆ ಹೋಗಿ ಮಗುವನ್ನು ಎತ್ತಿಕೋ.